ಮೂರು ತಲೆಮಾರು, ಒಂದು ಪೆನ್ಸಿಲು

600 ಪುಟದ ಕುಟುಂಬದ ಕಾದಂಬರಿಗೆ ಕಾಸರಗೋಡಿನ ಕಡೆ ಹೇಳಿ ಮಾಡಿಸಿದ ಕಾಲ ಮಳೆಗಾಲದ ಆಟಿ ತಿಂಗಳು. ಅಂಗಳದಲ್ಲಿ ಅಡಿಕೆ ಇಲ್ಲ, ತೋಟಕ್ಕಿಳಿಯಲು ಮಳೆ ಬಿಡುವುದಿಲ್ಲ, ಕರೆಂಟು ಬಂದರೆ ಬಂತು. ದಿನಕ್ಕೆ 30 ಪುಟ ಓದಿದರೂ 20 ದಿನಕ್ಕೆ ಮುಗಿಯಬೇಕು. ಮುಗಿಯುವುದಿಲ್ಲ. ಲೆಕ್ಕ ತಪ್ಪುವುದು ಪುಟಗಳಲ್ಲಲ್ಲ, ನೆಂಟರಲ್ಲಿ.

ಮೊದಲ ತಲೆಮಾರಿನ ಐದಾರು ಜನ ಹೇಗೋ ನೆನಪಿರುತ್ತಾರೆ. ಎಡವುವುದು ಮುಂದಿನ ಮದುವೆಯಲ್ಲಿ. ಕಾದಂಬರಿಕಾರರಿಗೆ ಮದುವೆಯೆಂದರೆ ಒಂದೇ ಚಪ್ಪರದಡಿ ಹದಿನೈದು ಹೊಸ ಹೆಸರು ಇಳಿಸಿಬಿಡುವ ಅನುಕೂಲ. ಅದರ ಮೇಲೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿ ಬೇರೆ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಅಜ್ಜ ರಾಮ ಐತಾಳ, ಮಗ ಲಚ್ಚ, ಮೊಮ್ಮಗ ಮತ್ತೆ ರಾಮ. ನಡುವೆ ಒಬ್ಬನೇ ಮಗನಿರುವುದರಿಂದ ಓದುಗ ಬಚಾವು. ನಾಲ್ವರು ಗಂಡುಮಕ್ಕಳಿದ್ದು, ನಾಲ್ವರೂ ಹಿರಿಮಗನಿಗೆ ತಂದೆಯ ಹೆಸರಿಟ್ಟರೆ ಮನೆ ತುಂಬ ಸುಬ್ರಾಯರು. ಮಾವನ ಹೆಸರು ಹಿಡಿದು ಕರೆಯಲಾಗದ ಸೊಸೆಯಂದಿರು ಅವರನ್ನು ಪುಟ್ಟ, ಅಪ್ಪು ಎಂದೆಲ್ಲ ಕರೆಯುವುದರಿಂದ ನಾಲ್ವರು ಓದುಗನ ಪಾಲಿಗೆ ಎಂಟಾಗುತ್ತಾರೆ.

ಹಳೆಯ ಗೋಡೆ ಕ್ಯಾಲೆಂಡರಿನ ಹಿಂಬದಿ ವಂಶವೃಕ್ಷಕ್ಕೆ ಪ್ರಶಸ್ತ; ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡನೆಯ ತಲೆಮಾರಿಗೇ ಅಂಚು ಮುಟ್ಟುತ್ತದೆ. ಪೆನ್ನು ಬೇಡ, ಪೆನ್ಸಿಲೇ ಆಗಬೇಕು. ಮೂರನೆಯ ಅಧ್ಯಾಯದ ‘ಅಣ್ಣ’ ಒಡಹುಟ್ಟಿದವನಲ್ಲ, ದೊಡ್ಡಪ್ಪನ ಮಗ ಎಂಬುದು ಗೊತ್ತಾಗುವುದು ಹನ್ನೊಂದರಲ್ಲಿ. ‘ಅತ್ತೆ’ಯಂತೂ ಅಪ್ಪನ ತಂಗಿಯಿರಬಹುದು, ಸೋದರಮಾವನ ಹೆಂಡತಿಯಿರಬಹುದು, ಹೆಂಡತಿಯ ತಾಯಿಯಿರಬಹುದು, ಸೋದರಿಕೆಯ ಮದುವೆಯಾಗಿದ್ದರೆ ಅವರಲ್ಲಿ ಇಬ್ಬರು ಒಬ್ಬರೇ ಇರಬಹುದು. ಮದುವೆಯಾಗಿ ಬಂದ ಹೆಂಗಸಿನ ಪಕ್ಕ ತವರಿನ ಊರನ್ನು ತಪ್ಪದೆ ಬರೆದುಕೊಳ್ಳಬೇಕು. ಮುಂದೆ ಅವಳ ಹೆಸರೇ ಬರುವುದಿಲ್ಲ, ‘ಪೆರ್ಲದ ದೊಡ್ಡಮ್ಮ’ ಮಾತ್ರ ಬರುತ್ತಾಳೆ.

ಇನ್ನೂ ದೊಡ್ಡ ಎಡವಟ್ಟು ವೃಕ್ಷವನ್ನು ತಪ್ಪು ಕಡೆಯಿಂದ ಬರೆಯುವುದು. ಮಂಜೇಶ್ವರದ ಕಡೆಯ ಬಂಟರ ಗುತ್ತಿನ ಮನೆಯ, ಅಂದರೆ ಊರ ಯಜಮಾನಿಕೆಯ ದೊಡ್ಡ ಮನೆಯ ಕಥೆಯಾದರೆ ಅಲ್ಲಿರುವುದು ಅಳಿಯಸಂತಾನ. ಮಕ್ಕಳು ತಾಯಿಯ ಕುಟುಂಬದವರು. ಯಜಮಾನನ ಅಧಿಕಾರ ಹೋಗುವುದು ಅವನ ಮಗನಿಗಲ್ಲ, ತಂಗಿಯ ಮಗನಿಗೆ. ಅಭ್ಯಾಸಬಲದಿಂದ ಅಪ್ಪ–ಮಗ ಎಂದು ಗೆರೆ ಎಳೆಯುತ್ತ ಹೋದರೆ ವಾರಸುದಾರನೇ ಹಾಳೆಯಿಂದ ಹೊರಗುಳಿಯುತ್ತಾನೆ. ಅಳಿಯ ಬಂದಾಗ ಮಾವನ ಮಕ್ಕಳೇಕೆ ಮುಖ ಸಿಂಡರಿಸುತ್ತಾರೆಂದು ಕೊನೆವರೆಗೂ ತಿಳಿಯುವುದಿಲ್ಲ. ಇಂಥ ಕಥೆಗೆ ಅಜ್ಜಿಯನ್ನು ನೆತ್ತಿಯಲ್ಲಿ ಕೂರಿಸಿ ಹೆಣ್ಣುಮಕ್ಕಳ ಕೆಳಗೆ ಗೆರೆ ಇಳಿಸಬೇಕು. ಕೇರಳದ ಕಾನೂನು ಈ ಅವಿಭಕ್ತ ವ್ಯವಸ್ಥೆಯನ್ನು 1976ರ ಡಿಸೆಂಬರ್ 1ರಿಂದ ತೆಗೆದುಹಾಕಿತು. ಕಥೆ ಅದರ ಆಚೆಗೆ ಸಾಗಿದರೆ ಗೆರೆಯೂ ದಾರಿ ಬದಲಿಸುತ್ತದೆ.

ಇಸವಿಯನ್ನು ಕಾದಂಬರಿ ನೇರವಾಗಿ ಹೇಳುವುದು ಕಡಿಮೆ. ಇಲ್ಲಿನ ಮನೆಯಾದರೆ ವಿಳಾಸ ನೋಡಿದರಾಯಿತು. ಅಜ್ಜನಿಗೆ ಬಂದ ಕಾಗದದಲ್ಲಿ ದಕ್ಷಿಣ ಕನ್ನಡ ಜಿಲ್ಲೆ, 1956ರ ನಂತರ ಕೇರಳ, ಆಮೇಲೆ ಕಣ್ಣೂರು ಜಿಲ್ಲೆ, 1984ರ ಮೇ ಕಳೆದರೆ ಕಾಸರಗೋಡು ಜಿಲ್ಲೆ. ಮನೆ ಮಾತ್ರ ಇದ್ದಲ್ಲೇ ಇದೆ.

ಅಳು ಬರುವ ಜಾಗವೂ ಎಣಿಸಿದಲ್ಲಿರುವುದಿಲ್ಲ. ಅಜ್ಜಿ ಸತ್ತ ಅಧ್ಯಾಯವನ್ನು ಒಣಗಣ್ಣಿನಲ್ಲೇ ದಾಟಿದವರು ಪಾಲುಪಟ್ಟಿಯ ಅಧ್ಯಾಯದಲ್ಲಿ ಕನ್ನಡಕ ತೆಗೆಯುತ್ತಾರೆ. ಭತ್ತ ಬೇಯಿಸುವ ತಾಮ್ರದ ಕೊಪ್ಪರಿಗೆ ಒಂದು, ಅಣ್ಣತಮ್ಮಂದಿರು ಮೂವರು. 1970ರಲ್ಲಿ ಗೇಣಿ ರದ್ದಾಗಿ ಗದ್ದೆ ಒಕ್ಕಲಿನವರಿಗೆ ಹೋದ ಮೇಲೆ ಬೇಯಿಸಲು ಭತ್ತವೂ ಇಲ್ಲ. ಕೊನೆಗೆ ತೂಕಕ್ಕೆ ಹಾಕಿ ದುಡ್ಡು ಹಂಚಿಕೊಳ್ಳುತ್ತಾರೆ. 12ನೇ ಪುಟದಲ್ಲಿ ಅಜ್ಜಿಯ ಬಳೆ ತಗಲಿ ಠಣ್ಣೆಂದದ್ದು ಆ ಕೊಪ್ಪರಿಗೆಯೇ. ಚಾಣಾಕ್ಷ ಕಾದಂಬರಿಕಾರರು ಪಾತ್ರೆಪರಡಿಯನ್ನು ಮೊದಲೇ ಹೀಗೆ ಅಡಗಿಸಿಟ್ಟಿರುತ್ತಾರೆ. ಪುಟ ಹಾರಿಸಿ ಓದುವವರಿಗೆ ತಕ್ಕಡಿಯಲ್ಲಿ ಕಾಣುವುದು ಬರೀ ತಾಮ್ರ.

ಗ್ರಂಥಾಲಯದ ಪುಸ್ತಕವಾದರೆ ಮರಳಿಸುವಾಗ ಕ್ಯಾಲೆಂಡರಿನ ಹಾಳೆಯನ್ನು ಒಳಗೇ ಬಿಡಬಾರದು. ಸತ್ತವರ ಹೆಸರಿನ ಮೇಲೆ ಅಡ್ಡಗೆರೆ ಎಳೆದಿರುತ್ತದೆ. ಮುಂದಿನವರು ಪುಸ್ತಕ ತೆರೆಯುತ್ತಲೇ ಎಲ್ಲರ ತಿಥಿಯೂ ಒಟ್ಟಿಗೆ ಮುಗಿದುಹೋಗುತ್ತದೆ.