ಹುಬ್ಬಿನ ಮೈಕ್ರೋಬ್ಲೇಡಿಂಗ್ ‘ಎಲ್ಲರಿಗೂ ಸುರಕ್ಷಿತ’ ಎಂಬುದು ಸರಿಯಲ್ಲ

ಮೈಕ್ರೋಬ್ಲೇಡಿಂಗ್ ಎಂದರೆ ಚರ್ಮದ ಮೇಲೆ ಹಚ್ಚುವ ಬಣ್ಣವಷ್ಟೇ, ಗರ್ಭಿಣಿಯರಾಗಲಿ ಸಕ್ಕರೆ ಕಾಯಿಲೆಯವರಾಗಲಿ ಹೆದರಬೇಕಿಲ್ಲ ಎಂಬ ವಾಟ್ಸ್ಆ್ಯಪ್ ಸಂದೇಶವೊಂದು ಈ ಮದುವೆಯ ಹಂಗಾಮಿನಲ್ಲಿ ಉಡುಪಿ, ಮಂಗಳೂರು ಕಡೆಯ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಸಾಲಾಗಿ ಜೋಡಿಸಿದ ಸೂಜಿಗಳು ಕೂದಲೆಳೆಯಂಥ ಗೀರುಗಳನ್ನು ಕೊರೆದು ಬಣ್ಣವನ್ನು ಚರ್ಮದೊಳಗೆ ಇಳಿಸುತ್ತವೆ; ಅದು ಹಚ್ಚೆಯೇ, ಮಾಯಬೇಕಾದ ಗಾಯವೂ ಹೌದು.

ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಆ ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕಿನ ಭಯವೂ ಹೆಚ್ಚು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ರಕ್ತ ಒಸರಿ ಬಣ್ಣ ಸರಿಯಾಗಿ ನಿಲ್ಲುವುದಿಲ್ಲ. ಹಾಗೆಂದು ಪಾರ್ಲರ್‌ನವರ ಮಾತಿಗೆ, ವೈದ್ಯರನ್ನು ಕೇಳದೆ, ಮಾತ್ರೆ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಕಿವಿ ಚುಚ್ಚಿಸಿದ ಜಾಗದಲ್ಲಿ ಕೀಲಾಯ್ಡ್ ಗಂಟುಗಟ್ಟಿದವರು, ಹುಬ್ಬಿನ ಸುತ್ತ ಇಸಬು ಅಥವಾ ಸೋರಿಯಾಸಿಸ್ ಇರುವವರು, ಕಿಮೋಥೆರಪಿ ಪಡೆಯುತ್ತಿರುವವರು ದೂರವಿರುವುದೇ ಲೇಸು. ಮೊಡವೆಗೆ ಐಸೊಟ್ರೆಟಿನಾಯಿನ್ ತೆಗೆದುಕೊಂಡವರಿಗೆ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಕಾಯಲು ಹೇಳಲಾಗುತ್ತದೆ. ಗರ್ಭಿಣಿಯರಿಗೂ ಹಾಲುಣಿಸುವವರಿಗೂ ಸುರಕ್ಷಿತವೆನ್ನಲು ಸಾಕಷ್ಟು ಅಧ್ಯಯನಗಳೇ ಇಲ್ಲವಾದ್ದರಿಂದ ಮುಂದೂಡುವುದು ವಾಡಿಕೆ.

ರೆಪ್ಪೆಯ ವಿಷಯ ಬೇರೆ. ಕೃತಕ ರೆಪ್ಪೆಗೂದಲನ್ನು ಹಿಡಿದಿಡುವುದು ಸೈನೋಅಕ್ರಿಲೇಟ್, ಅಂದರೆ ನಮ್ಮ ಫೆವಿಕ್ವಿಕ್‌ನ ಜಾತಿಯ ಅಂಟು. ಕೆಂಗಣ್ಣು ಅಥವಾ ರೆಪ್ಪೆಯ ಕುರು ಇರುವಾಗ ಅದರ ಗೊಡವೆ ಬೇಡ. ರೆಪ್ಪೆಗೆ ಹಾಕುವ ಬಣ್ಣದಲ್ಲಿ ಪಿಪಿಡಿ ಎಂಬ, ಅಲರ್ಜಿ ತರಬಲ್ಲ ರಾಸಾಯನಿಕ ಇರಬಹುದು. ಹಿಂದೊಮ್ಮೆ ಮೆಹಂದಿ ಕಾರ್ಯಕ್ರಮದಲ್ಲಿ ಕಪ್ಪು ಮೆಹಂದಿ ಹಾಕಿಸಿ ಅಂಗೈ ತುಂಬ ಗುಳ್ಳೆ ಎದ್ದಿದ್ದರೆ, ಅದೇ ಪಿಪಿಡಿ ರೆಪ್ಪೆಯ ತೆಳು ಚರ್ಮದಲ್ಲಿ ಕಣ್ಣು ಮುಚ್ಚುವಷ್ಟು ಊತ ತರಬಹುದು. ಉಳಿದವರಿಗೂ 48 ಗಂಟೆ ಮೊದಲು ಪ್ಯಾಚ್ ಟೆಸ್ಟ್, ಅಂದರೆ ಚರ್ಮದ ಮೇಲೆ ಸ್ವಲ್ಪವೇ ಹಚ್ಚಿ ನೋಡುವ ಪರೀಕ್ಷೆ, ಅಗತ್ಯ.