ಲಾಟರಿಯಲ್ಲಿ ಸೀಟು ಸಿಕ್ಕಿತೆಂದು ಚಾರ್ಟರ್ ಶಾಲೆಗೆ ಓಡಬೇಕೇ?

ವಾಷಿಂಗ್ಟನ್ ಡಿಸಿಯಲ್ಲಿ ಚಿಕ್ಕ ಮಕ್ಕಳಿರುವ ಮನೆಗಳಿಗೆ ಫೆಬ್ರವರಿ, ಮಾರ್ಚ್ ಎಂದರೆ ಶಾಲಾ ಲಾಟರಿಯ ಕಾಲ. ಕನ್ನಡದ ಕುಟುಂಬಗಳು ಹೆಚ್ಚಾಗಿ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯ ಉಪನಗರಗಳಲ್ಲಿ ನೆಲೆಸಿರುವುದರಿಂದ ಈ ತಲೆಬಿಸಿ ಅವರಿಗಿಲ್ಲ. ನಗರದೊಳಗೇ ಉಳಿದಿರುವ ನಮ್ಮಂಥ ಕೆಲವರಿಗೆ ಮಾತ್ರ ಪ್ರತಿ ವರ್ಷವೂ ಅದೇ ಚರ್ಚೆ: ಚಾರ್ಟರ್ ಶಾಲೆಗೆ ಅರ್ಜಿ ಹಾಕುವುದೋ, ಮನೆ ಹತ್ತಿರದ ಸರ್ಕಾರಿ ಶಾಲೆಗೇ ಸೇರಿಸುವುದೋ? ನಮ್ಮ ಮಗಳು ಹತ್ತಿರದ ಶಾಲೆಗೇ ಹೋಗುತ್ತಾಳೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಕೇಳಿದವರು ಹಲವರಿರುವುದರಿಂದ ಇಲ್ಲಿ ಒಮ್ಮೆಗೇ ಬರೆಯುತ್ತಿದ್ದೇನೆ.

ಊರಿನಲ್ಲಿರುವ ಓದುಗರಿಗಾಗಿ ಒಂದು ವಿವರಣೆ. ಚಾರ್ಟರ್ ಶಾಲೆ ಖಾಸಗಿ ಶಾಲೆಯಲ್ಲ. ಹಣ ಸರ್ಕಾರದ್ದು, ಆಡಳಿತ ಸ್ವತಂತ್ರ ಮಂಡಳಿಯದು; ಆ ಮಟ್ಟಿಗೆ ನಮ್ಮ ಅನುದಾನಿತ ಶಾಲೆಗಳನ್ನು ಹೋಲುತ್ತದೆ. ಆದರೆ ಇಲ್ಲಿ ಫೀಸು, ಡೊನೇಷನ್ ಇಲ್ಲ, ಪ್ರವೇಶ ಪರೀಕ್ಷೆ ನಡೆಸುವಂತಿಲ್ಲ, ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿಯಲ್ಲೇ ತೀರ್ಮಾನವಾಗಬೇಕು. ಮಿನೆಸೋಟಾ ರಾಜ್ಯ 1991ರಲ್ಲಿ ಇಂಥ ಮೊದಲ ಕಾನೂನು ಮಾಡಿತು; ಡಿಸಿಗೆ ಅಮೆರಿಕದ ಸಂಸತ್ತೇ 1996ರಲ್ಲಿ ಇದನ್ನು ತಂದಿತು. ಇಂದು ಈ ನಗರದ ಸರ್ಕಾರಿ ಹಣದಲ್ಲಿ ಓದುವ ಮಕ್ಕಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಕ್ಕಳು ಚಾರ್ಟರ್ ಶಾಲೆಗಳಲ್ಲಿದ್ದಾರೆ.

‘ಚಾರ್ಟರ್ ಒಳ್ಳೆಯದೇ?’ ಎಂದು ಒಟ್ಟಾರೆಯಾಗಿ ಕೇಳುವುದರಿಂದ ಉಪಯೋಗವಿಲ್ಲ. ಸ್ಟ್ಯಾನ್‌ಫರ್ಡ್‌ನ ಕ್ರೆಡೋ ಸಂಸ್ಥೆ 2009ರಲ್ಲಿ ಹಲವು ರಾಜ್ಯಗಳ ಚಾರ್ಟರ್ ಶಾಲೆಗಳನ್ನು ಪರಿಶೀಲಿಸಿದಾಗ, ಗಣಿತದ ಕಲಿಕೆಯಲ್ಲಿ ಶೇ. 17ರಷ್ಟು ಶಾಲೆಗಳು ಸಾಮಾನ್ಯ ಸರ್ಕಾರಿ ಶಾಲೆಗಳಿಗಿಂತ ಮೇಲಿದ್ದವು, ಶೇ. 37ರಷ್ಟು ಕೆಳಗಿದ್ದವು. ಅದೇ ಸಂಸ್ಥೆಯ 2023ರ ವರದಿಯ ಹೊತ್ತಿಗೆ ಸರಾಸರಿ ಚಾರ್ಟರ್ ಶಾಲೆಯದೇ ತುಸು ಮೇಲುಗೈ. ಬಾಸ್ಟನ್ನಿನಲ್ಲಿ ಲಾಟರಿ ಗೆದ್ದ ಮಕ್ಕಳನ್ನು ಸೋತ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ ಚಾರ್ಟರ್ ಮಕ್ಕಳ ಪ್ರಗತಿ ಗಣನೀಯವಾಗಿತ್ತು. ಆದರೂ 2016ರಲ್ಲಿ ಹೆಚ್ಚು ಚಾರ್ಟರ್ ಶಾಲೆಗಳಿಗೆ ಅನುಮತಿ ಕೊಡುವ ಪ್ರಸ್ತಾವವನ್ನು ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ದೊಡ್ಡ ಅಂತರದಿಂದ ತಿರಸ್ಕರಿಸಿದರು. ಇಷ್ಟೆಲ್ಲ ಓದಿದ ಮೇಲೂ, ನಿಮ್ಮ ಬೀದಿಯ ಶಾಲೆ ಮತ್ತು ನೀವು ನೋಡಿಬಂದ ಚಾರ್ಟರ್ ಶಾಲೆ, ಇವೆರಡರ ನಡುವೆ ಯಾವುದೆಂಬುದು ಹಾಗೆಯೇ ಉಳಿದಿರುತ್ತದೆ.

ಅಂಕಗಳ ಪಟ್ಟಿಯಲ್ಲಿ ಕಾಣದ ಒಂದು ಸಂಗತಿಯೇ ನನ್ನ ತೀರ್ಮಾನಕ್ಕೆ ಮುಖ್ಯ ಕಾರಣ. ನೆರೆಹೊರೆಯ ಶಾಲೆ ತನ್ನ ಗಡಿಯೊಳಗಿನ ಮಗುವನ್ನು ವರ್ಷದ ಯಾವ ದಿನ ಬಂದರೂ, ಕಿಂಡರ್‌ಗಾರ್ಟನ್ನಿನಿಂದ ಮುಂದಿನ ಯಾವ ತರಗತಿಗೆ ಬಂದರೂ ಸೇರಿಸಿಕೊಳ್ಳಲೇಬೇಕು. ಚಾರ್ಟರ್ ಶಾಲೆಗೆ ಆ ಬಾಧ್ಯತೆಯಿಲ್ಲ. ಮಕ್ಕಳು ಬಿಟ್ಟುಹೋದ ಮೇಲಿನ ತರಗತಿಗಳ ಸೀಟುಗಳನ್ನು ಕೆಲವು ಚಾರ್ಟರ್ ಶಾಲೆಗಳು ಖಾಲಿಯೇ ಬಿಡುತ್ತವೆ. ಕಷ್ಟಪಡುತ್ತಿದ್ದ ಮಕ್ಕಳು ನಡುವೆ ಹೊರಟುಹೋಗಿ, ಉಳಿದವರಷ್ಟೇ ಪರೀಕ್ಷೆಗೆ ಕೂತಾಗ ಫಲಿತಾಂಶ ತಾನಾಗಿಯೇ ಹೊಳೆಯುತ್ತದೆ. ಹೊರಟುಹೋದ ಮಗು ಮರುದಿನ ಬಂದು ನಿಲ್ಲುವುದು ಹತ್ತಿರದ ಸರ್ಕಾರಿ ಶಾಲೆಯ ಬಾಗಿಲಿನಲ್ಲೇ. ಇವೆರಡನ್ನೂ ಒಂದೇ ಅಂಕಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸುವುದು ನ್ಯಾಯವಲ್ಲ. ಆದ್ದರಿಂದ ಶಾಲೆ ನೋಡಲು ಹೋದಾಗ ನಾನು ಕೇಳುವ ಮೊದಲ ಪ್ರಶ್ನೆ: ಐದನೆಯ ತರಗತಿಯಲ್ಲಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಎಂಟನೆಯ ತರಗತಿಯಲ್ಲೂ ಇಲ್ಲೇ ಇದ್ದಾರೆ? ಇದಕ್ಕೆ ನೇರ ಉತ್ತರ ಕೊಡುವ ಪ್ರಾಂಶುಪಾಲರ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ, ಸಂಖ್ಯೆ ಅಷ್ಟು ಚೆನ್ನಾಗಿಲ್ಲದಿದ್ದರೂ.

ಸ್ಥಿರತೆಯನ್ನೂ ಗಮನಿಸಬೇಕು. ಡಿಸಿಯಲ್ಲಿ ಚಾರ್ಟರ್ ಎನ್ನುವುದು 15 ವರ್ಷಗಳ ಕರಾರು. ಐದು ವರ್ಷಕ್ಕೊಮ್ಮೆಯಾದರೂ ಪರಿಶೀಲನೆ ನಡೆಯುತ್ತದೆ, ಸೋತ ಶಾಲೆಯನ್ನು ಮುಚ್ಚುತ್ತಾರೆ. ಕಾಗದದ ಮೇಲೆ ಇದು ಸರಿಯಾಗಿಯೇ ಕಾಣುತ್ತದೆ. ಆದರೆ 2024ರ ಆಗಸ್ಟ್‌ನಲ್ಲಿ, ಶಾಲೆ ತೆರೆಯಲು ಕೆಲವೇ ದಿನಗಳಿರುವಾಗ, ಪುಟ್ಟ ಮಕ್ಕಳ ಚಾರ್ಟರ್ ಶಾಲೆಯಾದ ಈಗಲ್ ಅಕಾಡೆಮಿ ಹಣಕಾಸಿನ ತೊಂದರೆಯಿಂದ ಮುಚ್ಚಿದಾಗ ಪೋಷಕರು ಬೇರೆ ಸೀಟು ಹುಡುಕುತ್ತಾ ಅಲೆಯಬೇಕಾಯಿತು. ಸರ್ಕಾರಿ ಶಾಲೆಗಳೂ ಮುಚ್ಚುತ್ತವೆ, ನಿಜ: 2008ರಲ್ಲಿ 23 ಶಾಲೆಗಳನ್ನೂ 2013ರಲ್ಲಿ 15 ಶಾಲೆಗಳನ್ನೂ ಮುಚ್ಚುವುದಾಗಿ ಆಡಳಿತವೇ ಘೋಷಿಸಿತ್ತು. ಆಗ ಮಗುವಿನ ಹಕ್ಕು ಮತ್ತೊಂದು ಶಾಲೆಗೆ ವರ್ಗವಾಗುತ್ತದೆಯೇ ಹೊರತು ಮತ್ತೆ ಲಾಟರಿಯ ಪಾಲಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ, ನನ್ನ ಕಡೆಯವರಿಗೂ ಒಂದು ಮಾತು ಹೇಳಬೇಕು. ನಗರದ ವಾಯವ್ಯ ಭಾಗದಲ್ಲಿ, ಹೆಸರಾಂತ ಸರ್ಕಾರಿ ಶಾಲೆಗಳ ಗಡಿಯೊಳಗೆ ದುಬಾರಿ ಮನೆ ಕೊಂಡು, ‘ಚಾರ್ಟರ್ ಶಾಲೆಗಳು ಸರ್ಕಾರಿ ಶಿಕ್ಷಣವನ್ನು ಹಾಳುಮಾಡುತ್ತಿವೆ’ ಎಂದು ಉಪದೇಶಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಶಾಲೆಗೆ ಫೀಸಿಲ್ಲ, ಶಾಲೆಯ ಪಕ್ಕದ ಮನೆಗಿದೆ. ಅನಕೋಸ್ಟಿಯಾ ನದಿಯ ಆಚೆಗೆ, ನಗರದ ಬಡ ಭಾಗದಲ್ಲಿ, ಬಾಡಿಗೆ ಮನೆಯಲ್ಲಿರುವ ತಾಯಿಯೊಬ್ಬಳಿಗೆ, ವಿಳಾಸವನ್ನು ಕೇಳದ ಚಾರ್ಟರ್ ಲಾಟರಿಯೇ ಸಮಾನ ಅವಕಾಶದ ಬಾಗಿಲು. ಅವಳು ಅರ್ಜಿ ಹಾಕಿದರೆ ತಪ್ಪೆನ್ನಲು ನಾನು ಯಾರು?

ನಮ್ಮವರ ತೊಂದರೆಯೇ ಬೇರೆ. ‘ಸರ್ಕಾರಿ ಶಾಲೆ’ ಎಂದೊಡನೆ ಫೋನಿನಲ್ಲಿ ಬೆಂಗಳೂರಿನ ಅಜ್ಜಿ ತಾತಂದಿರ ದನಿ ಕುಗ್ಗುತ್ತದೆ, ಇಲ್ಲಿ ಮಗ ಸೊಸೆ ಆ ರಾತ್ರಿಯೇ ಚಾರ್ಟರ್ ಶಾಲೆಗಳ ರೇಟಿಂಗ್ ಹುಡುಕಲು ಕೂರುತ್ತಾರೆ. ಹತ್ತಿರದ ಶಾಲೆಯ ಒಳಗೆ ಒಮ್ಮೆಯೂ ಕಾಲಿಡದೆಯೇ ಅದನ್ನು ತಳ್ಳಿಹಾಕಿದವರನ್ನು ನಾನು ಕಂಡಿದ್ದೇನೆ. ಮಗುವಿಗೆ ಚೀನಿ ಅಥವಾ ಸ್ಪ್ಯಾನಿಷ್ ಮಾಧ್ಯಮದ ಶಾಲೆ ಬೇಕೆಂದೋ, ಮಾಂಟೆಸ್ಸರಿ ಪದ್ಧತಿ ಹೊಂದುತ್ತದೆಂದೋ ಚಾರ್ಟರ್ ಆರಿಸಿದರೆ ಅದಕ್ಕೆ ಅರ್ಥವಿದೆ. ರೇಟಿಂಗ್‌ನಲ್ಲಿ ಒಂದು ಅಂಕ ಹೆಚ್ಚಿದೆಯೆಂದು ದಿನವೂ ಊರ ಆ ತುದಿಗೆ ಕರೆದೊಯ್ಯುವುದರಲ್ಲಿ ಅರ್ಥವಿಲ್ಲ. ಡಿಸಿಯಲ್ಲಿ ವಿಶೇಷ ಶಿಕ್ಷಣದ ಮಕ್ಕಳಿಗೆ ಬಿಟ್ಟರೆ ಸಾಮಾನ್ಯವಾಗಿ ಹಳದಿ ಶಾಲಾ ಬಸ್ಸಿಲ್ಲ. ಮೆಟ್ರೊ ಮಕ್ಕಳಿಗೆ ಉಚಿತ, ಆದರೆ ನಾಲ್ಕು ವರ್ಷದ ಮಗು ಒಬ್ಬನೇ ಮೆಟ್ರೊ ಹತ್ತುವುದಿಲ್ಲ.

ಇನ್ನು ಅರ್ಜಿಯ ವಿಚಾರ. ಒಂದು ಅರ್ಜಿಯಲ್ಲಿ ಇಷ್ಟದ ಕ್ರಮದಲ್ಲಿ 12 ಶಾಲೆಗಳವರೆಗೆ ಬರೆಯಬಹುದು. ಜಾಣತನದಿಂದ ಕ್ರಮ ಬದಲಿಸಿದರೆ ಲಾಭವೆಂಬ ಮಾತು ಪ್ರತಿ ವರ್ಷ ಹರಿದಾಡುತ್ತದೆ, ನಂಬಬೇಡಿ; 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಲ್ವಿನ್ ರಾತ್ ಅವರ ಸಂಶೋಧನೆಯ ಆಧಾರದ ಮೇಲೆ ರೂಪಿಸಿದ ಈ ವ್ಯವಸ್ಥೆಯಲ್ಲಿ ಮನಸ್ಸಿನಲ್ಲಿರುವ ಕ್ರಮವನ್ನೇ ಬರೆಯುವುದು ಲೇಸು. ಸಾಲುಗಳಿವೆಯೆಂದು ಹನ್ನೆರಡನ್ನೂ ತುಂಬಬೇಕಾಗಿಲ್ಲ. ಸೀಟು ಸಿಕ್ಕರೆ ನಿಜವಾಗಿಯೂ ಕಳುಹಿಸುವಂಥ ಶಾಲೆಗಳನ್ನಷ್ಟೇ ಬರೆಯಿರಿ. ಪ್ರೀಕೆ, ಅಂದರೆ ಕಿಂಡರ್‌ಗಾರ್ಟನ್ನಿಗೂ ಮುಂಚಿನ, ತರಗತಿಗಳಿಗಾದರೆ ಹತ್ತಿರದ ಶಾಲೆಯನ್ನೂ ಸಾಮಾನ್ಯವಾಗಿ ಲಾಟರಿಯಲ್ಲೇ ಕೇಳಬೇಕು, ಅದನ್ನು ಮರೆಯದೆ ಸೇರಿಸಿ. ಕಿಂಡರ್‌ಗಾರ್ಟನ್ನಿನಿಂದ ಮುಂದಕ್ಕೆ ನಿಮ್ಮ ಗಡಿಯ ಶಾಲೆಯಲ್ಲಿ ಸೀಟು ಅರ್ಜಿಯಿಲ್ಲದೆಯೂ ನಿಮ್ಮ ಮಗುವಿನದೇ.