ಮ್ಯಾಕ್ ಅಂದ್ರೆ ಆ ಮ್ಯಾಕ್ ಅಲ್ಲಮ್ಮಾ

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರ್ತೀನಿ ಎಂದಿದ್ದ ನೆಟ್ ಹುಡುಗ ಮಧ್ಯಾಹ್ನ ಎರಡೂವರೆಗೆ, ಸರಿಯಾಗಿ ನಾನು ಸಾರನ್ನ ಕಲಸಿದ ಹೊತ್ತಿಗೆ ಬಂದ. ಇದರಲ್ಲಿ ಆಶ್ಚರ್ಯವೇನಿಲ್ಲ, ನಿಮ್ಮ ಮನೆಗೂ ಆಗಲೇ ಬರುತ್ತಾರೆ. ಗ್ಯಾಸಿನವರು, ಕೊರಿಯರಿನವರು, ನೆಟ್ಟಿನವರು, ಇವರಿಗೆಲ್ಲ ನಮ್ಮ ಮನೆಯ ಕುಕ್ಕರ್ ಕೂಗಿದ್ದು ಅದೆಲ್ಲಿಂದ ಕೇಳಿಸುತ್ತದೋ.

ಹುಡುಗ ಕೆಲಸದಲ್ಲಿ ಚುರುಕು. ಬಾಲ್ಕನಿ ಕಿಟಕಿಯ ಸಂದಿಯಿಂದ ಫೈಬರ್ ಎಳೆದ, ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಗೇ ತನ್ನ ಡಬ್ಬಿ ನೇತುಹಾಕಿದ, ಕ್ಯಾಲೆಂಡರನ್ನು ನನ್ನ ಕೈಗೆ ಕೊಟ್ಟ. ಹಸಿರು ದೀಪ ಹತ್ತಿತು. "ಸಿಸ್ಟಮ್ ಎಲ್ಲಿ ಸಾರ್?" ಎಂದ. ತೋರಿಸಿದೆ. ಕುರ್ಚಿ ಎಳೆದುಕೊಂಡು ಕೂತು ಮೌಸ್ ಹಿಡಿದ. ಪರದೆಯ ಎಡಮೂಲೆಗೆ ಹೋದ. ಒತ್ತಿದ. ಏನೋ ಒಂದು ಮೆನು ಬಂತು. ಅದರಲ್ಲಿ ಮೇಲೆ ಕೆಳಗೆ ಓಡಾಡಿದ. ನಿಧಾನವಾಗಿ ನನ್ನ ಕಡೆ ತಿರುಗಿದ.

"ಇದೇನ್ ಸಾರ್ ಇದು?"

"ಲಿನಕ್ಸ್ ಮಿಂಟ್ ಅಂತ."

"ವಿಂಡೋಸ್ ಇಲ್ವಾ?"

"ಇಲ್ಲ."

ಮನೆಯಲ್ಲಿ ಎರಡು ದಿನದಿಂದ ಒಲೆ ಹಚ್ಚಿಲ್ಲ ಎಂದಿದ್ದರೂ ಅವನು ಅಷ್ಟು ಕನಿಕರದಿಂದ ನೋಡುತ್ತಿರಲಿಲ್ಲ.

ನನ್ನ ಕಂಪ್ಯೂಟರ್ 2014ರದ್ದು. ಚೆನ್ನಾಗಿಯೇ ಇದೆ, ನನಗಿಂತ ಕಡಿಮೆ ಕೆಮ್ಮುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎನ್ನುವ ಯಾವುದೋ ಚಿಪ್ ಬೇಕಂತೆ, ಅದು ನನ್ನದರಲ್ಲಿಲ್ಲ. ಹತ್ತು ವರ್ಷ ದುಡಿದ ಎತ್ತನ್ನು ಕಸಾಯಿಖಾನೆಗೆ ಕಳಿಸಲು ಮನಸ್ಸಾಗದೆ, ವಿಂಡೋಸ್ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಇನ್ನೊಂದು ತಂತ್ರಾಂಶ ಲಿನಕ್ಸ್ ಹಾಕಿಕೊಂಡೆ. ಪುಕ್ಕಟೆ ಎನ್ನುವುದೂ ಒಂದು ಕಾರಣ, ಸುಳ್ಳೇಕೆ ಹೇಳಲಿ. ಅದೇ ಜಿಪುಣತನದಲ್ಲಿ, "ರೌಟರ್ 1500 ರೂಪಾಯಿ ಸಾರ್" ಎಂದಾಗ "ಇರೋದು ಒಂದೇ ಕಂಪ್ಯೂಟರ್, ನೇರ ವೈರ್ ಕೊಟ್ಬಿಡು" ಎಂದೆ. ಆ 1500 ಉಳಿಸಿದ ಕಥೆಯೇ ಇದು.

ಹುಡುಗ ನನ್ನ ಕಂಪ್ಯೂಟರಿನ ಆಸೆ ಬಿಟ್ಟ. ಬ್ಯಾಗಿನಿಂದ ತನ್ನ ಲ್ಯಾಪ್‌ಟಾಪ್ ತೆಗೆದ, ವೈರ್ ಚುಚ್ಚಿದ, ನನ್ನ ಹೆಸರಿನ ಐಡಿ ಪಾಸ್‌ವರ್ಡ್ ಹೊಡೆದ, ಸ್ಪೀಡ್ ಟೆಸ್ಟ್ ಓಡಿಸಿದ, 98 ಬಂತು. ಫೋಟೋ ತೆಗೆದು ಆಫೀಸಿಗೆ ಕಳಿಸಿದ.

"ನಮ್ ಕಡೆಯಿಂದ ಓಕೆ ಸಾರ್. ಒಂದು ಓಟಿಪಿ ಬಂದಿರತ್ತೆ, ಹೇಳಿ."

ನಾನು ಹೇಳಿಬಿಟ್ಟೆ. ಬ್ಯಾಂಕಿನಿಂದ ಫೋನ್ ಎಂದು ಯಾರಾದರೂ ಕೇಳಿದರೆ ಬೈದು ಇಡುವ ಮನುಷ್ಯ ನಾನು, ಇವನಿಗೆ ನಾಲ್ಕೂ ಅಂಕಿ ಬಿಡಿಸಿ ಬಿಡಿಸಿ ಹೇಳಿದೆ. ಓಟಿಪಿ ಕೊಟ್ಟ ಕ್ಷಣದಲ್ಲಿ ನಿಮ್ಮ ಕೆಲಸ ಮುಗಿಯಿತು ಎಂದಲ್ಲ, ಅವರ ಕೆಲಸ ಮುಗಿಯಿತು ಎಂದರ್ಥ. ಬಿಲ್ಲಿನ ಹಿಂದೆ ಐಡಿ ಪಾಸ್‌ವರ್ಡ್ ಗೀಚಿ ಕೊಟ್ಟ. "ಇದನ್ನ ಹಾಕಿ ಸಾರ್, ಬರತ್ತೆ" ಎಂದು ಬೈಕ್ ಹತ್ತಿದ.

ಬರಲಿಲ್ಲ.

ಮೊದಲು ಅನುಮಾನ ಅವನ ಅಕ್ಷರದ ಮೇಲೆ ಹೋಯಿತು. ಪಾಸ್‌ವರ್ಡಿನಲ್ಲಿ ಎರಡು ಸೊನ್ನೆ ಇದ್ದವು, ಅಥವಾ ಎರಡು 'ಓ', ಅಥವಾ ಒಂದು ಸೊನ್ನೆ ಒಂದು 'ಓ'. ಎಲ್ಲ ತರಹ ಜೋಡಿಸಿ ನೋಡಿದೆ. ಹೀಗೆ ಐಡಿ ಪಾಸ್‌ವರ್ಡ್ ಕೇಳಿ ನೆಟ್ ಬಿಡುವ ಪಿಪಿಪಿಒಇ ಎಂಬ ಈ ಏರ್ಪಾಡು 1999ರದ್ದು. ಫೋನ್ ತಿರುಗಿಸಿ, ಹೆಸರು ಹೇಳಿ ಒಳಗೆ ಹೋಗುವ ಡಯಲಪ್ ಕಾಲದ ಪದ್ಧತಿಯನ್ನೇ ನೆಟ್ ವೈರಿನೊಳಗೆ ತುರುಕಿದ್ದಾರೆ, ಅಷ್ಟೆ. ಬಾಗಿಲಲ್ಲಿ ವಾಚ್‌ಮನ್ ನಿಂತಿದ್ದಾನೆ, ಹೆಸರು ಕೇಳುತ್ತಾನೆ, ಗುಟ್ಟಿನ ಮಾತು ಕೇಳುತ್ತಾನೆ. ನಾನು ಎರಡೂ ಸರಿಯಾಗಿಯೇ ಹೇಳುತ್ತಿದ್ದೆ. ಅವನು ಪ್ರತಿ ಸಲವೂ ಮುಖದ ಮೇಲೆ ಗೇಟ್ ಹಾಕುತ್ತಿದ್ದ. ಲಿನಕ್ಸ್ ಪಾಪ, ಒಂದೊಂದು ಸಲ ಗೇಟ್ ಹಾಕಿದ್ದನ್ನೂ ಗಂಟೆ ನಿಮಿಷ ಸೆಕೆಂಡ್ ಸಮೇತ ಬರೆದಿಟ್ಟಿತ್ತು. 43 ಸಲ.

ನೆಟ್ ಏಕೆ ಬರುತ್ತಿಲ್ಲ ಎಂದು ಹುಡುಕಲು ನೆಟ್ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಕೊನೆಗೆ ಫೋನನ್ನು ಚಾರ್ಜರ್ ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ, ಅದರ ನೆಟ್ಟನ್ನು ಎರವಲು ಪಡೆದು ತಡಕಾಡಿದಾಗ ಗೊತ್ತಾಯಿತು. ವಾಚ್‌ಮನ್ ಮುಖವನ್ನೂ ನೋಡುತ್ತಾನೆ. ಕಂಪ್ಯೂಟರಿನ ಪ್ರತಿ ನೆಟ್‌ವರ್ಕ್ ಕಾರ್ಡಿಗೂ ಮ್ಯಾಕ್ ಅಡ್ರೆಸ್ ಎಂದು 12 ಅಕ್ಷರದ ಒಂದು ಗುರುತು ಇರುತ್ತದೆ. ಕೆಲವು ಕಂಪನಿಗಳು ಮೊದಲ ಸಲ ಯಾವ ಯಂತ್ರದಿಂದ ಒಳಗೆ ಹೋಗುತ್ತೀರೋ ಅದರ ಗುರುತಿಗೇ ಕನೆಕ್ಷನ್ನನ್ನು ಕಟ್ಟಿಹಾಕುತ್ತವೆ. ನಮ್ಮ ಮನೆಯಿಂದ ಮೊದಲು ಒಳಗೆ ಹೋದದ್ದು ಯಾರ ಯಂತ್ರ?

ಆ ಹುಡುಗನದು.

ಮನೆ ನನ್ನದು, ಮೊಳೆ ನನ್ನದು, ಆರು ತಿಂಗಳ ದುಡ್ಡು ಮುಂಗಡವಾಗಿ ಕಟ್ಟಿದ್ದು ನಾನು. ನೆಟ್ಟು ಮಾತ್ರ ಅವನ ಲ್ಯಾಪ್‌ಟಾಪಿಗೆ ತಾಳಿ ಕಟ್ಟಿಸಿಕೊಂಡು ಕೂತಿದೆ.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. ಹನ್ನೊಂದು ನಿಮಿಷ ಕೊಳಲು ಕೇಳಿಸಿದರು. ಆಮೇಲೆ ಒಬ್ಬ ಹೆಣ್ಣುಮಗಳು ಬಂದಳು.

"ನಮ್ಮ ಮ್ಯಾಕ್ ಚೇಂಜ್ ಮಾಡ್ಬೇಕಮ್ಮಾ."

"ನಿಮ್ದು ಮ್ಯಾಕಾ ಸಾರ್? ಆ್ಯಪಲ್ ಕಂಪ್ಯೂಟರಾ?"

"ಅಲ್ಲಮ್ಮಾ, ಲಿನಕ್ಸ್."

"ಈಗ ಮ್ಯಾಕ್ ಅಂದ್ರಲ್ಲ ಸಾರ್."

"ಆ ಮ್ಯಾಕ್ ಅಲ್ಲಮ್ಮಾ, ಅಡ್ರೆಸ್. ಅಡ್ರೆಸ್ ಚೇಂಜ್ ಆಗ್ಬೇಕು."

"ಅಡ್ರೆಸ್ ಚೇಂಜ್‌ಗೆ ಆಧಾರ್ ಕಾಪಿ ಕಳಿಸ್ಬೇಕು ಸಾರ್. ಶಿಫ್ಟಿಂಗ್ ಚಾರ್ಜ್ 500."

ನಾನು ಕೂತ ಜಾಗದಿಂದ ಅಲ್ಲಾಡಿಲ್ಲ, ನನ್ನನ್ನು ಆಗಲೇ ಮನೆ ಖಾಲಿ ಮಾಡಿಸಿದ್ದಾಳೆ. ಬೇಡಿಕೊಂಡ ಮೇಲೆ ಟೆಕ್ನಿಕಲ್‌ನವರಿಗೆ ಕೊಟ್ಟಳು. ಮತ್ತೆ ಕೊಳಲು. ಟೆಕ್ನಿಕಲ್ ಮನುಷ್ಯನಿಗೆ ವಿಷಯ ತಟ್ಟನೆ ಅರ್ಥವಾಯಿತು. ನನಗೆ ಕಣ್ಣಲ್ಲಿ ನೀರೇ ಬಂತು. "ಅಷ್ಟೇ ತಾನೇ ಸಾರ್, ಹೊಸ ಮ್ಯಾಕ್ ಹೇಳಿ, ಬರ್ಕೊಳ್ತೀನಿ" ಎಂದ.

ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ, 'ಎ'ಯಿಂದ 'ಎಫ್'ವರೆಗೆ ಅಕ್ಷರ, ಇಷ್ಟರಲ್ಲೇ ಹೇಳಿ ಮುಗಿಸಬೇಕಾದ ಹನ್ನೆರಡು. ಫೋನಿನಲ್ಲಿ, ಕನ್ನಡದಲ್ಲಿ, ಹಿಂದುಗಡೆ ಮಿಕ್ಸಿ ಓಡುತ್ತಿರುವಾಗ ಇದನ್ನು ಹೇಳುವುದು ಎಂಥ ಸಾಹಸ ಎಂದು ಆ ಪದ್ಧತಿ ಕಂಡುಹಿಡಿದವರಿಗೆ ಗೊತ್ತಿರಲಿಕ್ಕಿಲ್ಲ.

"ಆರು."

"ಯಾರು?"

"ಯಾರು ಅಲ್ಲಪ್ಪಾ, ಆರು. ಐದಾದ್ಮೇಲೆ ಬರತ್ತಲ್ಲ."

"ಐದು ಆರು. ಮುಂದೆ?"

"ಐದು ಬೇಡ! ಬರೀ ಆರು. ಮುಂದೆ 'ಎ'."

"ಏನ್?"

"ಎನ್ ಅಲ್ಲ. 'ಎ'."

"ಅದೇ, ಏನ್ ಸಾರ್?"

"'ಎ'! ಆನೆ ಆಡು ಅಂತೀವಲ್ಲ... ಅಲ್ಲ, ಅದು ಬೇರೆ. ಆ್ಯಪಲ್ 'ಎ'!"

"ನೀವು ಲಿನಕ್ಸ್ ಅಂದ್ರಂತಲ್ಲ ಸಾರ್."

ಹೆಂಡತಿ ಮಿಕ್ಸಿ ನಿಲ್ಲಿಸಿ ಬಾಗಿಲಲ್ಲಿ ಬಂದು ನಿಂತಳು. ನಾನು ಉಸಿರೆಳೆದುಕೊಂಡು ಊರುಗಳಿಗೆ ಇಳಿದೆ. ಬಿ ಬೆಂಗಳೂರು, ಸಿ ಚಿತ್ರದುರ್ಗ, ಡಿ ದಾವಣಗೆರೆ. 'ಇ'ಗೆ ನಮ್ಮ ಕಡೆಯ ಒಂದು ಊರೂ ನೆನಪಾಗಲಿಲ್ಲ. "ಇ" ಎಂದೆ. "ಈ ಅಂದ್ರೆ ಯಾವುದು ಸಾರ್?" ಎಂದ. "ಇಡ್ಲಿ ಅನ್ನಿ" ಎಂದು ಬಾಗಿಲಿಂದ ಸಹಾಯ ಬಂತು. ಇಡ್ಲಿ 'ಐ'ನಿಂದ ಶುರುವಾಗುತ್ತದೆ ಎಂದು ಇವಳಿಗೆ ವಿವರಿಸುವಷ್ಟರಲ್ಲಿ ಅವನು 'ಐ' ಎಂದು ಬರೆದುಕೊಂಡಾಗಿತ್ತು.

ಕೊನೆಗೆ ಓದಿ ಹೇಳಿದ. ಹದಿಮೂರು ಬಂದಿತ್ತು. ನಡುವೆ ಒಂದು 'ಎನ್' ಸೇರಿಕೊಂಡಿತ್ತು.

"ಸಿಸ್ಟಮ್ ತಗೋತಿಲ್ಲ ಸಾರ್. ಇನ್‌ವ್ಯಾಲಿಡ್ ಅಂತಿದೆ. ಲಿನಕ್ಸ್‌ಗೆ ಸಪೋರ್ಟ್ ಇಲ್ಲ ಅನ್ಸತ್ತೆ. ಕಂಪ್ಲೇಂಟ್ ರೈಸ್ ಮಾಡ್ತೀನಿ, 48 ಗಂಟೆ."

ಫೋನಿಟ್ಟು ಸುಮ್ಮನೆ ಕೂತೆ. ಸಾರನ್ನ ಆರಿ ಗಟ್ಟಿಯಾಗಿತ್ತು.

2006ರಲ್ಲಿ ಹಾಸನದಲ್ಲಿದ್ದಾಗಲೂ ಇದೇ ಪಾಡು. ಆಗ ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸಿನ ಸಿಡಿಗಳನ್ನು ಕೇಳಿದವರ ಮನೆಗೆ ಜಗತ್ತಿನ ಎಲ್ಲಿಗಾದರೂ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು, 2011ರವರೆಗೂ ಕಳಿಸಿದರು. ಫಾರಿನ್ ಕವರ್ ಕೊಟ್ಟ ಪೋಸ್ಟ್‌ಮನ್ ಅದರಲ್ಲಿ ಏನಿದೆಯೆಂದು ತೋರಿಸುವ ತನಕ ಹೋಗಲಿಲ್ಲ. ಸಿಡಿ ಬಂತು, ಲಿನಕ್ಸ್ ಕೂತಿತು, ಒಳಗಿನ ಮೋಡೆಂ ಮಾತ್ರ ವಿಂಡೋಸ್ ಬಿಟ್ಟು ಬೇರೆ ಭಾಷೆ ಬರದ ಜಾತಿಯದು. ಪಕ್ಕದ ಬೀದಿಯ ಗೆಳೆಯನೊಬ್ಬ 128 ಎಂಬಿಯ ಪೆನ್‌ಡ್ರೈವನ್ನು ಜನಿವಾರದ ಹಾಗೆ ಕೊರಳಿಗೆ ಹಾಕಿಕೊಂಡು ಸೈಕಲ್ಲಿನಲ್ಲಿ ಸೈಬರ್ ಕೆಫೆಗೆ ಹೋಗಿ ಒಂದು ಫೈಲ್ ತರುತ್ತಿದ್ದ. ಅದು ಇನ್ನೊಂದು ಫೈಲ್ ಬೇಕು ಎನ್ನುತ್ತಿತ್ತು. ಮತ್ತೆ ಹೋಗುತ್ತಿದ್ದ. ನಾಲ್ಕನೇ ಸಲಕ್ಕೆ, ರಾತ್ರಿ ಹನ್ನೊಂದರ ಹೊತ್ತಿಗೆ, ಮೋಡೆಂ ಕಿರ್ ಪರ್ ಎಂದು ಕಿರುಚಿಕೊಂಡಾಗ ಇಬ್ಬರೂ ಕುಣಿದೆವು, ಒಳಗಿಂದ ಅಪ್ಪ ಬೈದರು. ನೆಟ್ ಬಂದ ಮೇಲೆ ಏನು ನೋಡಿದೆವು ಎಂದು ನೆನಪಿಲ್ಲ. ಅವನ ನಂಬರ್ ಈಗಲೂ ಫೋನಿನಲ್ಲಿದೆ, ಹಬ್ಬಕ್ಕೆ ದೀಪದ ಚಿತ್ರ ಕಳಿಸುತ್ತಾನೆ.

ಸರಿ. 48 ಗಂಟೆ ಕಾಯುವ ಸಹನೆ ನನಗಿರಲಿಲ್ಲ. ಲಿನಕ್ಸಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ 'ಕ್ಲೋನ್ಡ್ ಮ್ಯಾಕ್ ಅಡ್ರೆಸ್' ಎಂದು ಒಂದು ಖಾಲಿ ಜಾಗವಿದೆ. ಅಲ್ಲಿ ಬೇರೆ ಯಂತ್ರದ ಗುರುತು ಬರೆದರೆ ನಮ್ಮದು ಆ ವೇಷ ಹಾಕಿಕೊಳ್ಳುತ್ತದೆ. ಹುಡುಗನಿಗೆ ಫೋನ್ ಮಾಡಿ, ಅವನ ಲ್ಯಾಪ್‌ಟಾಪಿನಲ್ಲಿ ಏನು ಒತ್ತಬೇಕೆಂದು ಹೇಳಿ, ಬಂದದ್ದರ ಫೋಟೋ ಕಳಿಸು ಎಂದೆ.

"ಏನೂ ಪ್ರಾಬ್ಲಂ ಆಗಲ್ಲ ತಾನೇ ಸಾರ್? ಬ್ಯಾಂಕ್ ಗೀಂಕ್?"

"ಓಟಿಪಿ ಕೇಳಲ್ಲ ಬಿಡಪ್ಪಾ."

ಫೋಟೋ ಬಂತು. ಅಲುಗಾಡಿತ್ತು. ಮೂಲೆಯಲ್ಲಿ ಅರ್ಧ ತಿಂದ ಪರೋಟ ಚೆನ್ನಾಗಿ ಕಾಣುತ್ತಿತ್ತು, ಎಂಟೋ 'ಬಿ'ಯೋ ಒಂದು ಅಕ್ಷರ ಮಾತ್ರ ಕಾಣುತ್ತಿರಲಿಲ್ಲ. ಎಂಟು ಹಾಕಿದೆ. ಗೇಟ್ ಬಿತ್ತು. 'ಬಿ' ಹಾಕಿದೆ. ರಾತ್ರಿ 9:40ಕ್ಕೆ ವಾಚ್‌ಮನ್ ಸಲ್ಯೂಟ್ ಹೊಡೆದು ಒಳಗೆ ಬಿಟ್ಟ. ಮಂಗಳವಾರ ಮೆಸೇಜ್ ಬಂತು: ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ. ಯಾರೂ ಏನೂ ಮಾಡಿರಲಿಲ್ಲ.

ಈಗ ನೆಟ್ ಚೆನ್ನಾಗಿದೆ. ಒಂದೇ ಒಂದು ತೊಂದರೆ. ಒಂದೇ ಗುರುತಿನ ಎರಡು ಯಂತ್ರ ಒಂದೇ ಜಾಲದಲ್ಲಿ ಕಂಡರೆ ಆ ಕಡೆ ನೆಟ್ ಹಂಚುವ ಸ್ವಿಚ್ ಎಂಬ ಯಂತ್ರಕ್ಕೆ ಯಾವುದು ಅಸಲಿ ಎಂದು ತಿಳಿಯದೆ ತಲೆ ಕೆಡುತ್ತದೆ. ಅಕ್ಕಪಕ್ಕದ ಮನೆಯಿಂದ ಕಂಪ್ಲೇಂಟ್ ಬಂದು ಹುಡುಗ ಲೈನ್ ನೋಡಲು ತನ್ನ ಲ್ಯಾಪ್‌ಟಾಪನ್ನು ನೇರ ಡಬ್ಬಿಗೆ ಚುಚ್ಚಿದನೆಂದರೆ ನಮ್ಮ ನೆಟ್ ಸತ್ತಿತು. ಮೊನ್ನೆ ಆಫೀಸಿನ ಮೀಟಿಂಗಿನಲ್ಲಿ ಮ್ಯಾನೇಜರ್ ಬಾಯಿ ತೆರೆದವರು ತೆರೆದ ಹಾಗೇ ನಿಂತುಬಿಟ್ಟರು. ನಾನು ಕುರ್ಚಿಯಿಂದ ಏಳುವ ಮೊದಲೇ ಹೆಂಡತಿ ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದಳು.

"ಹೂಂ ರೀ, ಬಂದಿದಾನೆ. ಮೂರನೇ ಮನೆ ಮುಂದೆ ಬೈಕ್ ಇದೆ. ಕಾಫಿಗೆ ಕರೀಲಾ?"